ಮೊದಲು ತಿಳಿದವರು

ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಸಿನಿಮಾ ತೋರಿಸುವ ಒಂದು ಸಣ್ಣ ಗುಂಪಿದೆ. ಅದರ ಉಸ್ತುವಾರಿ ನೋಡಿಕೊಳ್ಳುವ ಹುಡುಗಿ ಒಂದು ದಿನ ಸ್ಟಾಫ್ ರೂಮಿಗೆ ಬಂದು, "ಸರ್, ಬರೀ ಭಾರವಾದ ಸಿನಿಮಾನೇ ಆಯ್ತು. ಒಂದು ನಾಲ್ಕು ವಾರ ರೊಮ್ಯಾಂಟಿಕ್ ಕಾಮಿಡಿ ಹಾಕೋಣ ಅಂತಿದೀವಿ. ನೋಡ್ಲೇಬೇಕಾದ್ದು ಯಾವ್ಯಾವ್ದು ಅಂತ ಒಂದು ಪಟ್ಟಿ ಮಾಡಿ ಕೊಡ್ತೀರಾ?" ಎಂದು ಕೇಳಿದಳು. ಇದೇನು ಮಹಾ ಎಂದುಕೊಂಡು ಹಾಳೆ ತೆಗೆದೆ. ಐದು ನಿಮಿಷದಲ್ಲಿ ಹತ್ತು ಹೆಸರು ಬರೆದೆ. ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತ ಬಂದೆ.

ಹೊಡೆದುಹಾಕಿದವು ಕೆಟ್ಟ ಸಿನಿಮಾಗಳೇನಲ್ಲ. ಕೆಲವನ್ನಂತೂ ನಾಲ್ಕೈದು ಸಲ ನೋಡಿ ನಕ್ಕಿದ್ದೇನೆ. ಆದರೆ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರ ಮುಂದೆ ಇದನ್ನು 'ನೋಡಲೇಬೇಕಾದ್ದು' ಎಂದು ಇಡಬಹುದೇ ಎಂದು ಕೇಳಿಕೊಂಡಾಗ ಕೈ ತಡೆಯಿತು. ನಾಳೆ ಕೊಡುತ್ತೇನೆ ಎಂದು ಅವಳನ್ನು ಕಳಿಸಿದೆ. ಆ ನಾಳೆ ಬರಲು ಮೂರು ವಾರ ಬೇಕಾಯಿತು.

ಯಾವ ಪ್ರೇಮಹಾಸ್ಯ ನೋಡಲು ಯೋಗ್ಯ ಎಂದು ಕೇಳಿದರೆ ಜನ ಸಾಮಾನ್ಯವಾಗಿ ಜೋಡಿ ಚೆನ್ನಾಗಿದೆಯೇ, ಮಾತು ಚುರುಕಾಗಿದೆಯೇ, ಹಾಡು ನೆನಪಿನಲ್ಲಿ ಉಳಿಯುತ್ತದೆಯೇ ಎಂದು ನೋಡುತ್ತಾರೆ. ಇವೆಲ್ಲ ಬೇಕಾದವೇ. ನನಗೆ ಮಾತ್ರ ಬರಬರುತ್ತ ಬೇರೊಂದು ಅಳತೆ ಗಟ್ಟಿಯಾಗಿದೆ. ಅದು ನನಗೆ ಸಿಕ್ಕಿದ್ದು ಒಂದು ಹಳೆಯ ಕಪ್ಪುಬಿಳುಪು ಚಿತ್ರದಿಂದ, ಮತ್ತೆ ನಾನೇ ಮಾಡಿದ ಒಂದು ತಪ್ಪಿನಿಂದ. ಮೊದಲು ಚಿತ್ರದ ಮಾತು.

ಅರ್ನ್ಸ್ಟ್ ಲೂಬಿಚ್ 1940ರಲ್ಲಿ ಮಾಡಿದ 'ದಿ ಶಾಪ್ ಅರೌಂಡ್ ದಿ ಕಾರ್ನರ್' ನಡೆಯುವುದು ಬುಡಾಪೆಸ್ಟಿನ ಒಂದು ಅಂಗಡಿಯಲ್ಲಿ. ಚರ್ಮದ ಚೀಲ, ಪೆಟ್ಟಿಗೆ, ಉಡುಗೊರೆ ಸಾಮಾನು ಮಾರುವ ಜಾಗ. ಅಲ್ಲಿ ಹಳೆಯ ನೌಕರ ಆಲ್ಫ್ರೆಡ್ ಕ್ರಾಲಿಕ್, ಹೊಸದಾಗಿ ಸೇರಿದ ಕ್ಲಾರಾ ನೋವಾಕ್. ಇಬ್ಬರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಆದರೆ ಇಬ್ಬರೂ ಹೆಸರು ತಿಳಿಸದೆ ಯಾರೋ ಒಬ್ಬರಿಗೆ ಕಾಗದ ಬರೆಯುತ್ತಿದ್ದಾರೆ. ಪುಸ್ತಕ, ಬದುಕು, ಆದರ್ಶ ಎಲ್ಲ ಆ ಕಾಗದಗಳಲ್ಲಿದೆ. ಆ ಯಾರೋ ಒಬ್ಬರು ಎಂದರೆ ಅವರಿಬ್ಬರೇ. ಹಗಲಲ್ಲಿ ಕೌಂಟರಿನ ಹಿಂದೆ ಜಗಳವಾಡುವ ಈ ಇಬ್ಬರು ರಾತ್ರಿ ಕಾಗದದಲ್ಲಿ ಒಬ್ಬರಿಗೊಬ್ಬರು ಸೋಲುತ್ತಿರುತ್ತಾರೆ.

ಕನ್ನಡದ ಓದುಗರಿಗೆ ಇಷ್ಟು ಕೇಳಿದ ಕೂಡಲೇ 'ಗಣೇಶನ ಮದುವೆ' ನೆನಪಾಗಬೇಕು. ಫಣಿ ರಾಮಚಂದ್ರ ಅವರ 1990ರ ಆ ಚಿತ್ರದಲ್ಲಿ ಅಂಗಡಿಯ ಜಾಗದಲ್ಲಿ ವಠಾರ ಇದೆ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅದೇ ವಠಾರದಲ್ಲಿದ್ದು ಮುಖ ಕಂಡರೆ ಸಿಡಿಯುವವರು. ಅವಳು ರೇಡಿಯೋದಲ್ಲಿ ಶ್ರುತಿ ಎಂಬ ಹೆಸರಿನಲ್ಲಿ ಹಾಡುತ್ತಾಳೆ. ಆ ದನಿಗೆ ಮರುಳಾಗಿ ಅವನು ಕಾಗದ ಬರೆಯುತ್ತಾನೆ. ನೀರಿಗೆ, ಬಾಡಿಗೆಗೆ, ಸದ್ದಿಗೆ ಕಚ್ಚಾಡುವ ವಠಾರದಲ್ಲಿ ಅಂಚೆಯವನು ತಂದುಕೊಡುವ ಲಕೋಟೆ ಮಾತ್ರ ಖಾಸಗಿ. ನಮ್ಮ ಮನೆಗಳಲ್ಲಿ ಖಾಸಗಿತನ ಎಷ್ಟು ಕಡಿಮೆ ಇತ್ತು, ಕಾಗದ ಅದನ್ನು ಹೇಗೆ ಕೊಡುತ್ತಿತ್ತು ಎಂಬುದನ್ನು ಬಲ್ಲವರಿಗೆ ಆ ನಗುವಿನ ಹಿಂದಿನ ಆಸೆ ತಿಳಿಯುತ್ತದೆ.

ಇಬ್ಬರಿಗೂ ಗೊತ್ತಿಲ್ಲದಷ್ಟು ಹೊತ್ತು ಇಂಥ ಕಥೆಯಲ್ಲಿ ಯಾವ ತೊಡಕೂ ಇಲ್ಲ. ಗೊತ್ತಿರುವುದು ನಮಗೆ, ಪ್ರೇಕ್ಷಕರಿಗೆ. ಇಬ್ಬರ ಕಣ್ಣಿಗೂ ಸಮನಾಗಿ ಬಟ್ಟೆ ಕಟ್ಟಿದೆ, ನಾವು ದಡದಲ್ಲಿ ಕೂತು ನಗುತ್ತೇವೆ. ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ. ಪ್ರಶ್ನೆ ಹುಟ್ಟುವುದು ಇಬ್ಬರಲ್ಲಿ ಒಬ್ಬರಿಗೆ ಮೊದಲು ತಿಳಿದಾಗ.

ಲೂಬಿಚ್ ಚಿತ್ರದಲ್ಲಿ ಅದು ಹೀಗಾಗುತ್ತದೆ. ಕಾಗದದ ಗೆಳೆಯರು ಒಂದು ಕಾಫಿ ಹೋಟೆಲಿನಲ್ಲಿ ಭೇಟಿಯಾಗುವುದೆಂದು ನಿಶ್ಚಯವಾಗಿದೆ. ಗುರುತಿಗೆ 'ಅನ್ನಾ ಕರೆನಿನಾ' ಪುಸ್ತಕ ಮತ್ತು ಒಂದು ಕಾರ್ನೇಶನ್ ಹೂವು. ಅದೇ ದಿನ ಕ್ರಾಲಿಕ್‌ನನ್ನು ಕೆಲಸದಿಂದ ತೆಗೆದಿದ್ದಾರೆ. ಒಳಗೆ ಹೋಗಲು ಧೈರ್ಯ ಸಾಲದೆ ಸಹೋದ್ಯೋಗಿ ಪಿರೋವಿಚ್‌ನನ್ನು ಕಿಟಕಿಯಿಂದ ಇಣುಕಿ ನೋಡಲು ಹೇಳುತ್ತಾನೆ. ಪಿರೋವಿಚ್ ನೋಡಿ, ಹೇಗೆ ಹೇಳುವುದೆಂದು ತಿಳಿಯದೆ, ನಿಧಾನವಾಗಿ ಸಂಗತಿ ಬಿಡಿಸುತ್ತಾನೆ. ಕ್ರಾಲಿಕ್ ಮೊದಲು ಹೊರಟೇಹೋಗಲು ನೋಡುತ್ತಾನೆ. ಆಮೇಲೆ ಒಳಗೆ ಹೋಗಿ, ತಾನು ಯಾರೆಂದು ಹೇಳದೆ, ಬರೀ ಅಂಗಡಿಯ ಕ್ರಾಲಿಕ್ ಆಗಿ ಅವಳ ಎದುರು ಕೂರುತ್ತಾನೆ.

ಕಾಗದದ ಗೆಳೆಯನಿಗಾಗಿ ಕಾಯುತ್ತಿರುವ ಕ್ಲಾರಾಳಿಗೆ ಈ ಮನುಷ್ಯ ಒಂದು ಪೀಡೆ. ಅವಳು ಅವನನ್ನು ಸಾಗಹಾಕಲು ನೋಡುತ್ತಾಳೆ, ಆಗದಿದ್ದಾಗ ಚುಚ್ಚುತ್ತಾಳೆ. ನಿನ್ನನ್ನು ಕೆರೆದು ನೋಡಿದರೆ ಒಳಗೆ ಹೃದಯದ ಬದಲು ಕೈಚೀಲ ಸಿಗುತ್ತದೆ ಎಂಬ ಧಾಟಿಯಲ್ಲಿ ಮಾತಾಡುತ್ತಾಳೆ. ನಾವು ನಗುತ್ತೇವೆ. ಆದರೆ ಒಂದು ಕ್ಷಣ ಅವಳ ಕುರ್ಚಿಯಲ್ಲಿ ಕೂತು ನೋಡಿ. ಅವಳು ಎದುರಿಗಿರುವವನೊಂದಿಗೆ ಒಬ್ಬಳಾಗಿ ಮಾತಾಡುತ್ತಿದ್ದಾಳೆ, ಅವನು ಇಬ್ಬರಾಗಿ ಕೇಳುತ್ತಿದ್ದಾನೆ. ಅವಳಿಗೆ ಇದು ಕಾಯುವ ಸಂಜೆ, ಅವನಿಗೆ ಪರೀಕ್ಷೆಯ ಸಂಜೆ. ಆ ಮೇಜಿನಲ್ಲಿ ಅವರಿಬ್ಬರೂ ಸಮಾನರಾಗಿ ಉಳಿದಿಲ್ಲ.

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ನಗುವುದು ಯಾವಾಗ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವೇಷ, ಗುಟ್ಟು, ತಪ್ಪು ಗುರುತು ಇಲ್ಲದಿದ್ದರೆ ಪ್ರೇಮಹಾಸ್ಯಕ್ಕೆ ಉಸಿರೇ ಇಲ್ಲ. 'ಕುಮಾರಸಂಭವ'ದ ಐದನೆಯ ಸರ್ಗದಲ್ಲಿ ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು ತಪಸ್ಸಿಗೆ ಕೂತ ಪಾರ್ವತಿಯ ಮುಂದೆ ಶಿವನನ್ನೇ ಹೀಯಾಳಿಸುತ್ತಾನೆ. 'ಸುಭದ್ರಾ ಕಲ್ಯಾಣ'ದಲ್ಲಿ ಅರ್ಜುನ ಸನ್ಯಾಸಿಯಾಗಿ ದ್ವಾರಕೆಗೆ ಬರುತ್ತಾನೆ. ಅದರಲ್ಲೂ ಬಲರಾಮನಿಗೆ ಏನೂ ತಿಳಿಯದೆ ಇರುವುದರಿಂದಲೇ ಯಕ್ಷಗಾನದ ರಂಗಸ್ಥಳದ ಮುಂದೆ ಕೂತವರಿಗೆ ರಾತ್ರಿಯೆಲ್ಲ ನಗು. ಇವನ್ನೆಲ್ಲ ಸುಳ್ಳು ಎಂದು ಬದಿಗಿಟ್ಟರೆ ಉಳಿಯುವುದು ಪ್ರವಚನ.

ಹಾಗಾಗಿ ಗುಟ್ಟು ಇರಬಾರದು ಎಂಬುದು ನನ್ನ ವಾದವಲ್ಲ. ಮೊದಲು ತಿಳಿದವರು ಆ ನಡುವಿನ ಸಮಯವನ್ನು ಏನು ಮಾಡುತ್ತಾರೆ ಎಂಬುದು ನನ್ನ ಪ್ರಶ್ನೆ. ಶಿವನ ಕಥೆಯನ್ನೇ ನೋಡಿ. ಪಾರ್ವತಿ ಅವನ ಮಾತಿಗೆ ಮಾತು ಕೊಡುತ್ತಾಳೆ, ಸಾಕೆನಿಸಿದಾಗ ಎದ್ದು ಹೊರಡುತ್ತಾಳೆ. ಅವಳು ಹೊರಡಲು ಕಾಲೆತ್ತಿದ ಕ್ಷಣಕ್ಕೆ ವೇಷ ಕಳಚುತ್ತದೆ. ಅವಳ 'ಸಾಕು' ಎಂಬ ಮಾತಿಗೆ ಅಲ್ಲಿ ಬೆಲೆ ಇದೆ. ಅದಕ್ಕಿಂತ ಒಂದು ಗಳಿಗೆ ಹೆಚ್ಚು ವೇಷ ಮುಂದುವರಿದಿದ್ದರೆ ಆ ಸರ್ಗದ ರುಚಿಯೇ ಬೇರೆಯಾಗುತ್ತಿತ್ತು.

ಕ್ರಾಲಿಕ್ ಏನು ಮಾಡುತ್ತಾನೆ? ಅವನು ಹೇಳಲು ತಡಮಾಡುತ್ತಾನೆ, ಅದು ನಿಜ. ಕಾಯಿಲೆ ಬಿದ್ದ ಕ್ಲಾರಾಳನ್ನು ನೋಡಲು ಅವಳ ಮನೆಗೆ ಹೋಗಿ, ತಾನೇ ಬರೆದ ಕಾಗದವನ್ನು ಅವಳು ಓದುವುದನ್ನು ಎದುರಿಗೇ ಕೂತು ನೋಡುತ್ತಾನೆ. ಆ ದೃಶ್ಯ ನನಗೆ ಈಗಲೂ ಸ್ವಲ್ಪ ಇರಿಸುಮುರಿಸು. ಆದರೆ ಆ ದಿನಗಳಲ್ಲಿ ಬದಲಾಗುತ್ತಿರುವವನು ಅವನು. ಕಾಗದದಲ್ಲಿ ಅಷ್ಟು ಮೃದುವಾಗಿದ್ದವನು ಅಂಗಡಿಯಲ್ಲಿ ಯಾಕೆ ಅಷ್ಟು ಒರಟನಾಗಿದ್ದೆ ಎಂಬುದನ್ನು ಅವನು ಕಂಡುಕೊಳ್ಳಬೇಕಾಗಿದೆ. ತನ್ನನ್ನು ಕೈಚೀಲ ಎಂದವಳ ಮಾತನ್ನು ಅವನು ನುಂಗಿಕೊಳ್ಳುತ್ತಾನೆ, ಅದರ ಸೇಡು ತೀರಿಸುವುದಿಲ್ಲ.

ಕೊನೆಯ ದೃಶ್ಯ ಕ್ರಿಸ್‌ಮಸ್ ಹಿಂದಿನ ರಾತ್ರಿ, ಅಂಗಡಿ ಮುಚ್ಚಿದ ಮೇಲೆ. ಅವನು ಅವಳನ್ನು ಇನ್ನೊಂದಿಷ್ಟು ಆಟವಾಡಿಸುತ್ತಾನೆ. ನಿಮ್ಮ ಕಾಗದದ ಗೆಳೆಯನನ್ನು ನೋಡಿದೆ, ದಪ್ಪಗಿದ್ದಾನೆ, ಬೋಳುತಲೆ, ಕೆಲಸವೂ ಇಲ್ಲ ಎನ್ನುತ್ತಾನೆ. ಆಮೇಲೆ ಕಾರ್ನೇಶನ್ ಹೂವನ್ನು ಕೋಟಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಾನೆ. ಆಗ ಕ್ಲಾರಾ ಓಡಿಬಂದು ಅಪ್ಪಿಕೊಳ್ಳುವುದಿಲ್ಲ. ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಕಾಲು ತೋರಿಸಿ ಎಂದು ಕೇಳುತ್ತಾಳೆ. ಅವನ ಕಾಲು ಸೊಟ್ಟಗಿದೆಯೇ ಎಂಬ ಅನುಮಾನ ಮೊದಲಿನಿಂದ ಇತ್ತಲ್ಲ, ಅದು ತೀರಬೇಕು! ಅವನು ಎರಡು ಕೈಯಲ್ಲೂ ಪ್ಯಾಂಟು ಎತ್ತಿ ತೋರಿಸುತ್ತಾನೆ.

ನಾನು ಇದನ್ನು ಮೊದಲು ನೋಡಿದಾಗ ಬರೀ ನಕ್ಕೆ. ಈಗ ಅನಿಸುತ್ತದೆ, ಇಡೀ ಚಿತ್ರದ ನ್ಯಾಯ ಆ ಪ್ಯಾಂಟಿನಲ್ಲಿದೆ. ಇಷ್ಟು ದಿನ ಅವನು ಅವಳನ್ನು ನೋಡುತ್ತಿದ್ದ, ಅವಳಿಗೆ ತಿಳಿಯದೆ. ಈಗ ಅವಳು ಅವನನ್ನು ನೋಡುತ್ತಾಳೆ, ಅವನಿಗೆ ತಿಳಿದು, ಅವನು ನಾಚಿಕೊಂಡು ನಿಂತಿರುವಾಗ. ಪರೀಕ್ಷೆ ಮಾಡುತ್ತಿದ್ದವನು ಪರೀಕ್ಷೆಗೆ ನಿಲ್ಲುತ್ತಾನೆ. ಅವಳು ಬೇಡ ಎನ್ನಬಹುದಾದ ಒಂದು ಗಳಿಗೆಯನ್ನು ಲೂಬಿಚ್ ಬಿಟ್ಟುಕೊಟ್ಟಿದ್ದಾನೆ.

ಇದೇ ಕಥೆಯನ್ನು ನೋರಾ ಎಫ್ರಾನ್ 1998ರಲ್ಲಿ 'ಯೂ ಹ್ಯಾವ್ ಗಾಟ್ ಮೇಲ್' ಎಂದು ಮಾಡಿದರು. ಎರಡಕ್ಕೂ ಮೂಲ ಹಂಗೆರಿಯ ಮಿಕ್ಲೋಶ್ ಲಾಸ್ಲೋ 1937ರಲ್ಲಿ ಬರೆದ ಒಂದು ನಾಟಕ. ಕಾಗದದ ಜಾಗದಲ್ಲಿ ಇಮೇಲ್, ಬುಡಾಪೆಸ್ಟಿನ ಜಾಗದಲ್ಲಿ ನ್ಯೂಯಾರ್ಕ್. ಮೆಗ್ ರಯಾನ್ ತಾಯಿಯಿಂದ ಬಂದ ಮಕ್ಕಳ ಪುಸ್ತಕದ ಪುಟ್ಟ ಅಂಗಡಿ ನಡೆಸುವವಳು. ಟಾಮ್ ಹ್ಯಾಂಕ್ಸ್ ಅದರ ಹತ್ತಿರದಲ್ಲೇ ದೊಡ್ಡ ಪುಸ್ತಕ ಮಳಿಗೆ ತೆರೆಯುವ ಕುಟುಂಬದವನು. ಇಲ್ಲೂ ಅವನಿಗೇ ಮೊದಲು ತಿಳಿಯುತ್ತದೆ. ಇಲ್ಲೂ ಅವನು ಹೋಟೆಲಿನಲ್ಲಿ ಗುಟ್ಟು ಬಿಡದೆ ಅವಳ ಎದುರು ಕೂರುತ್ತಾನೆ.

ಚಿತ್ರ ಬಹಳ ಮುದ್ದಾಗಿದೆ. ಮಳಿಗೆ ಗೆಲ್ಲುತ್ತದೆ, ಅವಳ ಅಂಗಡಿ ಮುಚ್ಚುತ್ತದೆ. ಅವಳು ಖಾಲಿ ಕಪಾಟುಗಳ ನಡುವೆ ನಿಂತ ದೃಶ್ಯ ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ. ಆಮೇಲೆ ಅವನು ಅವಳ ಜೊತೆ ಸ್ನೇಹ ಬೆಳೆಸುತ್ತಾನೆ, ಒಂದು ಕಡೆ ಎದುರಿಗಿರುವ ಗೆಳೆಯನಾಗಿ, ಇನ್ನೊಂದು ಕಡೆ ಇಮೇಲಿನ ಗೆಳೆಯನಾಗಿ. ಅವಳು ಒಬ್ಬನ ಬಗ್ಗೆ ಇನ್ನೊಬ್ಬನಲ್ಲಿ ಮಾತಾಡುತ್ತಾಳೆ. ಎರಡೂ ಕಡೆಯ ಉತ್ತರ ಬರುವುದು ಒಂದೇ ತಲೆಯಿಂದ. ಕೊನೆಗೆ ಉದ್ಯಾನದಲ್ಲಿ ಗುಟ್ಟು ಬಯಲಾದಾಗ ಅವಳು ಕಣ್ಣೀರು ಒರೆಸಿಕೊಂಡು, ಅದು ನೀನೇ ಆಗಿರಲಿ ಎಂದು ಆಸೆಪಟ್ಟಿದ್ದೆ ಎನ್ನುತ್ತಾಳೆ. ಚಿತ್ರ ಮುಗಿಯುತ್ತದೆ.

ನನಗೆ ತೊಡಕೆನಿಸುವುದು ಆ ಆಸೆ. ಅದು ಅವಳದೇ ಹೌದು. ಆದರೆ ವಾರಗಟ್ಟಲೆ ಆ ಆಸೆಗೆ ನೀರು ಹೊಯ್ದವನು ಅವನು, ಅವಳಿಗೆ ಗೊತ್ತಿಲ್ಲದಂತೆ, ಅವಳ ಅಳುಕುಗಳನ್ನೆಲ್ಲ ಅವಳ ಬಾಯಿಂದಲೇ ಕೇಳಿಕೊಂಡು. ಕ್ರಾಲಿಕ್ ಕಾಯುತ್ತ ತನ್ನನ್ನು ತಿದ್ದಿಕೊಂಡ. ಇವನು ಕಾಯುತ್ತ ಬಹುಮಟ್ಟಿಗೆ ಅವಳ ಮನಸ್ಸನ್ನು ತಿದ್ದಿದ. ಅವನೂ ಸ್ವಲ್ಪ ಬದಲಾಗುತ್ತಾನೆ, ಇಲ್ಲವೆನ್ನಲಾರೆ. ಅಂಗಡಿ ಕಳೆದುಕೊಂಡ ಲೆಕ್ಕ ಮಾತ್ರ ಎಲ್ಲೂ ತೀರುವುದಿಲ್ಲ. ಅವನು ಪ್ಯಾಂಟು ಎತ್ತಿ ನಿಲ್ಲುವ ಗಳಿಗೆ ಆ ಚಿತ್ರದಲ್ಲಿ ಬರುವುದೇ ಇಲ್ಲ.

ಕಾಂಟ್ ಎಂಬ ಜರ್ಮನ್ ದಾರ್ಶನಿಕ 1785ರ ತನ್ನ ನೀತಿಗ್ರಂಥದಲ್ಲಿ ಸುಳ್ಳು ಮಾತು ಕೊಡುವುದು ಯಾಕೆ ತಪ್ಪು ಎಂದು ವಿವರಿಸುತ್ತಾನೆ. ಅವನ ವಾದದ ತಿರುಳು ಸರಳ. ನಾನು ಸುಳ್ಳು ಹೇಳಿ ನಿಮ್ಮಿಂದ ಏನನ್ನೋ ಪಡೆದರೆ, ನೀವು ಅದಕ್ಕೆ ಒಪ್ಪಿದ್ದೀರಿ ಎನ್ನುವಂತಿಲ್ಲ. ನಾನು ನಿಜವಾಗಿ ಏನು ಮಾಡುತ್ತಿದ್ದೇನೆ ಎಂಬುದೇ ನಿಮಗೆ ತಿಳಿದಿಲ್ಲವಲ್ಲ, ಒಪ್ಪುವುದು ಯಾವುದಕ್ಕೆ? ಸಾಲದ ವಿಷಯದಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ. ಪ್ರೀತಿಯ ವಿಷಯಕ್ಕೆ ಬಂದರೆ ಮಾತ್ರ 'ಅಂತೂ ಒಲಿದಳಲ್ಲ' ಎಂದು ಚಪ್ಪಾಳೆ ತಟ್ಟುತ್ತೇವೆ.

ಈ ಮಾತನ್ನು ಪುಸ್ತಕಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರ ಹೆರಾಲ್ಡ್ ರೇಮಿಸ್‌ನ 'ಗ್ರೌಂಡ್‌ಹಾಗ್ ಡೇ' (1993). ಟಿವಿಯಲ್ಲಿ ಹವಾಮಾನ ವರದಿ ಹೇಳುವ ಫಿಲ್ ಒಂದು ಸಣ್ಣ ಊರಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನ ಪಾಲಿಗೆ ಫೆಬ್ರವರಿ 2 ಮತ್ತೆ ಮತ್ತೆ ಬರುತ್ತದೆ. ನಿನ್ನೆಯದು ಅವನಿಗೆ ಮಾತ್ರ ನೆನಪು, ಉಳಿದವರಿಗೆ ಪ್ರತಿ ಬೆಳಿಗ್ಗೆಯೂ ಹೊಸದು. ಇದಕ್ಕಿಂತ ದೊಡ್ಡ ಅಸಮಾನತೆ ಬೇಕೇ? ಅವನು ಮಾಡುವುದನ್ನು ನಮ್ಮಲ್ಲಿ ಎಷ್ಟೋ ಜನ ಮಾಡುತ್ತಿದ್ದೆವು. ಸಹೋದ್ಯೋಗಿ ರೀಟಾಳಿಗೆ ಏನು ಕುಡಿಯಲು ಇಷ್ಟ ಎಂದು ಇವತ್ತು ಕೇಳಿ ತಿಳಿದು, 'ನಾಳೆ' ತನಗೂ ಅದೇ ಇಷ್ಟ ಎನ್ನುತ್ತಾನೆ. ಅವಳು ಫ್ರೆಂಚ್ ಕಾವ್ಯ ಓದಿದವಳು ಎಂದು ಇವತ್ತು ತಿಳಿದರೆ 'ನಾಳೆ' ಫ್ರೆಂಚಿನಲ್ಲಿ ಪದ್ಯ ಹೇಳುತ್ತಾನೆ. ಎಲ್ಲವೂ ಸರಿಯಾಗಿ ಕೂರುತ್ತದೆ. ಆದರೂ ಪ್ರತಿ ರಾತ್ರಿ ಕೊನೆಗೆ ಅವಳಿಗೆ ಏನೋ ಸರಿಯಿಲ್ಲ ಎನಿಸುತ್ತದೆ. ಕೆನ್ನೆಗೆ ಬಾರಿಸುತ್ತಾಳೆ. ಒಂದರ ಹಿಂದೆ ಒಂದು ಏಟು ಬೀಳುವ ಆ ಸಾಲು ದೃಶ್ಯಗಳಿಗೆ ಸಭಾಂಗಣದಲ್ಲಿ ದೊಡ್ಡ ನಗು.

ಕೊನೆಗೆ ಫಿಲ್ ಸೋಲುತ್ತಾನೆ. ತನಗೇನಾಗುತ್ತಿದೆ ಎಂದು ಅವಳಿಗೆ ಬಿಚ್ಚಿ ಹೇಳುತ್ತಾನೆ. ಅವಳನ್ನು ಗೆಲ್ಲುವ ಲೆಕ್ಕ ಬಿಟ್ಟು ಆ ದಿನವನ್ನು ಬೇರೆಯದಕ್ಕೆ ಬಳಸತೊಡಗುತ್ತಾನೆ. ಪಿಯಾನೋ ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ಹಿಡಿಯುತ್ತಾನೆ, ಬೀದಿಯ ಮುದುಕನನ್ನು ಉಳಿಸಲು ನೋಡಿ ಆಗದೆ ಸುಮ್ಮನಾಗುತ್ತಾನೆ. ಅವನಿಗೆ ಗೊತ್ತಿರುವುದು ಅಷ್ಟೇ ಇದೆ, ಅದನ್ನು ಯಾರಿಗಾಗಿ ಬಳಸುತ್ತಾನೆ ಎಂಬುದು ಬದಲಾಗಿದೆ. ರೀಟಾ ಅವನ ಕಡೆ ತಿರುಗುವುದು ಆಮೇಲೆ.

ಇನ್ನು ನನ್ನ ತಪ್ಪಿನ ಮಾತು.

ಡಿಗ್ರಿ ಕೊನೆಯ ವರ್ಷ. ಹಾಸ್ಟೆಲಿನ ನನ್ನ ರೂಮ್‌ಮೇಟ್‌ಗೆ ನಮ್ಮ ತರಗತಿಯ ಒಬ್ಬ ಹುಡುಗಿಯ ಮೇಲೆ ಮನಸ್ಸು. ಎದುರಿಗೆ ನಿಂತರೆ ಅವನಿಗೆ ಮಾತು ಹೊರಡದು, ಬರೆಯಲು ಕೂತರೆ ಎರಡು ಸಾಲಿಗೆ ಬೆವರು. ನನಗೆ ಬರೆಯುವ ಚಟ. ನಾನು ಬರೆದುಕೊಡುತ್ತಿದ್ದೆ, ಅವನು ತನ್ನ ಅಕ್ಷರದಲ್ಲಿ ನಕಲು ಮಾಡಿ ನೋಟ್ಸಿನ ನಡುವೆ ಇಟ್ಟು ತಲುಪಿಸುತ್ತಿದ್ದ. ಮೂರನೆಯ ಕಾಗದಕ್ಕೆ ಅವಳಿಂದ ಉತ್ತರ ಬಂತು. ಅವನು ಅದನ್ನು ಓದಿ ನೇರ ನನ್ನ ಕೈಗೆ ಕೊಟ್ಟ, "ಏನ್ ಬರೀಬೇಕೋ ನೋಡೋ" ಎಂದು. ಹಾಗೆ ನಾಲ್ಕು ತಿಂಗಳು ನಡೆಯಿತು. ಹಾಸ್ಟೆಲಿನ ಆ ಕಾರಿಡಾರಿಗೆಲ್ಲ ಸಂಗತಿ ಗೊತ್ತಿತ್ತು. ರಾತ್ರಿ ಊಟದ ಮೇಲೆ ಅದೇ ತಮಾಷೆ. ಯಾರೋ ನನಗೆ 'ಗುಮಾಸ್ತ' ಎಂದು ಹೆಸರಿಟ್ಟಿದ್ದರು.

ಒಂದು ದಿನ ತರಗತಿಯ ಸೆಮಿನಾರಿನಲ್ಲಿ ಮಾತಾಡುವಾಗ ನಾನು ಒಂದು ಹೋಲಿಕೆ ಬಳಸಿದೆ. ಮಳೆ ನಿಂತ ಮೇಲೂ ಹೆಂಚಿನಿಂದ ತೊಟ್ಟಿಕ್ಕುವ ನೀರಿನದು. ಕಾಗದದಲ್ಲೂ ಅದನ್ನು ಬಳಸಿದ್ದೆ ಎಂಬುದು ನನಗೆ ಮರೆತಿತ್ತು. ಅವಳಿಗೆ ಮರೆತಿರಲಿಲ್ಲ. ಗ್ರಂಥಾಲಯದ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು. ನಾನು ನಗಲು ನೋಡಿದೆ. ಅವಳು ನಗಲಿಲ್ಲ.

"ನೀವು ಬರೆದಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಚೆನ್ನಾಗೇ ಬರೆದಿದ್ರಿ. ನಾನು ಬರೆದಿದ್ದನ್ನ ನೀವು ಓದಿದ್ರಲ್ಲ. ಅಪ್ಪನ ವಿಷಯ ಎಲ್ಲಾ ಓದಿದ್ರಾ?"

ಓದಿದ್ದೆ. ಮನೆಯ ಕಷ್ಟದ ಬಗ್ಗೆ, ತಂದೆಯ ಬಗ್ಗೆ, ತಾನು ಯಾರಿಗೂ ಹೇಳದಿದ್ದನ್ನು ಒಬ್ಬರಿಗೆ ಎಂದು ನಂಬಿ ಬರೆದಿದ್ದಳು. ಅದನ್ನು ಇಬ್ಬರು ಓದಿದ್ದೆವು. ಓದಿದ್ದು ಸಾಲದು ಎಂಬಂತೆ ಅದಕ್ಕೆ ಚೆಂದದ ಸಮಾಧಾನದ ಮಾತು ಹೊಸೆದಿದ್ದೆ, ಆ ಸಮಾಧಾನವನ್ನು ಅವನ ಹೆಸರಿನಲ್ಲಿ ಕಳಿಸಿದ್ದೆ. ಅದಕ್ಕೆ ಅವಳು ಬರೆದ ಉತ್ತರ ಓದಿ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಅವಳು ಇಷ್ಟೇ ಹೇಳಿದಳು: "ನನ್ನ ಕಾಗದ ಎಲ್ಲ ವಾಪಸ್ ಕೊಡಿಸಿ." ಕೊಡಿಸಿದೆ. ಅವಳು ರಂಪ ಮಾಡಲಿಲ್ಲ, ಯಾರಿಗೂ ದೂರಲಿಲ್ಲ. ಪರೀಕ್ಷೆ ಮುಗಿಯಿತು, ಮೂವರೂ ಮೂರು ದಾರಿ ಹಿಡಿದೆವು.

ಎಲ್ಲಿಯೂ ನಾನು ಅವಳಿಗೆ ಕೇಡು ಬಯಸಿರಲಿಲ್ಲ. ಗೆಳೆಯನಿಗೆ ಸಹಾಯ ಮಾಡುತ್ತಿದ್ದೆ. ಬರೆದ ಮಾತುಗಳಲ್ಲಿ ಬಹುಪಾಲು ನಿಜವೂ ಇತ್ತು. ಆದರೂ ಅವಳು ಕೇಳಿದ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಸುಳ್ಳು ಹೇಳಿದಾಗ ಕೆಟ್ಟದ್ದು ಹೇಳುವವರ ಬಾಯಿಯಲ್ಲಿದೆ ಎಂದು ತಿಳಿದಿದ್ದೆ. ಅವಳ ಮಾತಿನಿಂದ ತಿಳಿದದ್ದು ಬೇರೆ. ಸುಳ್ಳನ್ನು ನಂಬಿದವರು ಸುಮ್ಮನೆ ಕೂತಿರುವುದಿಲ್ಲ. ನಂಬಿಕೊಂಡು ಏನೇನೋ ಕೊಡುತ್ತಾರೆ, ಹೇಳುತ್ತಾರೆ, ನಿರ್ಧರಿಸುತ್ತಾರೆ. ಆಮೇಲೆ ನಿಜ ಹೇಳಿ ಕ್ಷಮೆ ಕೇಳಬಹುದು, ಕೊಟ್ಟದ್ದನ್ನು ಕೊಡದ ಹಾಗೆ ಮಾಡಲು ಆಗುವುದಿಲ್ಲ.

ಸಯಿ ಪರಾಂಜಪೆಯವರ 'ಚಶ್ಮೆ ಬದ್ದೂರ್' (1981) ನನಗೆ ಇಷ್ಟವಾಗುವುದಕ್ಕೂ ಕುಟುಕುವುದಕ್ಕೂ ಇದೇ ಕಾರಣ. ದೆಹಲಿಯ ಒಂದು ಬಾಡಿಗೆ ರೂಮಿನಲ್ಲಿ ಮೂವರು ಗೆಳೆಯರು. ಇಬ್ಬರು ನೇಹಾಳ ಹಿಂದೆ ಬಿದ್ದು ಸೋತು ಬಂದು, ಗೆದ್ದೆವೆಂದು ಕಥೆ ಕಟ್ಟುತ್ತಾರೆ. ಮೂರನೆಯವನಿಗೆ ಅವಳು ನಿಜವಾಗಿ ಒಲಿದಾಗ ಅದೇ ಕಥೆಗಳನ್ನು ಚಾಡಿಯಾಗಿ ಹೇಳುತ್ತಾರೆ. ಅವನು ನಂಬಿಬಿಡುತ್ತಾನೆ. ಅವಳನ್ನು ಒಂದು ಮಾತು ಕೇಳುವುದಿಲ್ಲ. ಆ ಇಬ್ಬರ ಸುಳ್ಳು ಕಥೆಗಳನ್ನು ಅವರು ಹೇಳಿದಂತೆಯೇ ಹಾಡುಗಳ ಸಮೇತ ತೋರಿಸಿ ಚಿತ್ರ ಗೇಲಿ ಮಾಡುತ್ತದೆ. ಹುಡುಗರ ರೂಮಿನಲ್ಲಿ ಹುಡುಗಿಯೊಬ್ಬಳ ಹೆಸರು ಹೇಗೆ ಬಾಯಿಂದ ಬಾಯಿಗೆ ಉರುಳುತ್ತದೆ ಎಂಬುದು ಅಲ್ಲಿ ನಗುನಗುತ್ತಲೇ ಬಯಲಾಗುತ್ತದೆ. ನಮ್ಮ ಕಾರಿಡಾರೂ ಅದೇ.

ಹಾಗಾದರೆ ಮೊದಲು ತಿಳಿದವರು ಮಾಡಬಹುದಾದದ್ದೇನು? ಕೂಡಲೇ ಹೇಳುವುದೊಂದೇ ದಾರಿಯೇ? ಹುಟ್ಟುಹಬ್ಬಕ್ಕೆ ಯಾರಿಗೂ ಹೇಳದೆ ಏರ್ಪಾಡು ಮಾಡಿದರೂ ಅದು ಗುಟ್ಟೇ, ಅದರಿಂದ ಯಾರಿಗೂ ನೋವಿಲ್ಲ. ಅಲ್ಲಿ ಬಚ್ಚಿಟ್ಟದ್ದರ ಮೇಲೆ ಎದುರಿನವರ ಯಾವ ನಿರ್ಧಾರವೂ ನಿಂತಿಲ್ಲ. ಯಾವುದನ್ನು ತಿಳಿದರೆ ಅವರು ಬೇರೆ ಹೆಜ್ಜೆ ಇಡುತ್ತಿದ್ದರೋ ಅದನ್ನು ಬಚ್ಚಿಟ್ಟು ಅವರನ್ನು ನಡೆಸುವುದು ಬೇರೆ ಮಾತು. ನನಗೆ ಒಳ್ಳೆಯ ಪ್ರೇಮಹಾಸ್ಯ ಎನಿಸುವುದು ಈ ಎರಡರ ನಡುವಿನ ಗೆರೆಯನ್ನು ಬಲ್ಲ ಚಿತ್ರ. ಅದು ಗೆರೆ ದಾಟಬಹುದು. ದಾಟಿದಾಗ ಅದಕ್ಕೆ ಗೊತ್ತಿರಬೇಕು.

'ರೋಮನ್ ಹಾಲಿಡೇ' (1953) ಚಿತ್ರದ ಪತ್ರಕರ್ತನಿಗೆ ಗೊತ್ತಾಗುತ್ತದೆ. ತನ್ನ ಜೊತೆ ರೋಮ್ ಸುತ್ತುತ್ತಿರುವ ಹುಡುಗಿ ರಾಜಕುಮಾರಿ ಎಂದು ತಿಳಿದೂ ತಿಳಿಯದವನಂತೆ ನಟಿಸುತ್ತಾನೆ, ಏಕೆಂದರೆ ಅವಳ ಕಥೆಗೆ ಒಳ್ಳೆಯ ಬೆಲೆ ಬರುತ್ತದೆ. ಅವನ ಗೆಳೆಯ ಗುಟ್ಟಾಗಿ ಫೋಟೋ ತೆಗೆಯುತ್ತಾನೆ. ಅವಳೂ ತನ್ನ ಗುರುತು ಮುಚ್ಚಿಟ್ಟಿದ್ದಾಳೆ, ಆದರೆ ಅವಳಿಗೆ ಅದರಿಂದ ಸಿಗುವುದು ಒಂದು ದಿನದ ಬಿಡುವು ಮಾತ್ರ. ಕೊನೆಗೆ ಪತ್ರಿಕಾಗೋಷ್ಠಿಯಲ್ಲಿ ಅವನು ಯಾರೆಂದು ಅವಳಿಗೆ ತಿಳಿಯುತ್ತದೆ. ಗೆಳೆಯ ಫೋಟೋಗಳ ಲಕೋಟೆಯನ್ನು ಅವಳ ಕೈಗೇ ಕೊಡುತ್ತಾನೆ. ಕಥೆ ಅಚ್ಚಾಗುವುದಿಲ್ಲ, ಮದುವೆಯೂ ಆಗುವುದಿಲ್ಲ. ಅವಳಿಗೆ ತಿಳಿಯದೆ ತೆಗೆದುಕೊಂಡದ್ದನ್ನು ವಾಪಸು ಕೊಟ್ಟು ಇಬ್ಬರೂ ಹೊರಡುತ್ತಾರೆ. ಆ ಲಕೋಟೆ ನೋಡಿದಾಗಲೆಲ್ಲ ನನಗೆ ಗ್ರಂಥಾಲಯದ ಮೆಟ್ಟಿಲು ನೆನಪಾಗುತ್ತದೆ. ಕೇಳುವ ಮೊದಲೇ ಕೊಡುವುದಕ್ಕೂ ಕೇಳಿಸಿಕೊಂಡು ಕೊಡುವುದಕ್ಕೂ ಇರುವ ಅಂತರವೂ.

ಚಾಪ್ಲಿನ್‌ನ 'ಸಿಟಿ ಲೈಟ್ಸ್' (1931) ಇದಕ್ಕಿಂತ ಮುಂದೆ ಹೋಗುತ್ತದೆ. ಕಣ್ಣಿಲ್ಲದ ಹೂ ಮಾರುವ ಹುಡುಗಿ ಅಲೆಮಾರಿಯನ್ನು ಶ್ರೀಮಂತ ಎಂದುಕೊಂಡಿದ್ದಾಳೆ. ಅವನು ಆ ತಪ್ಪನ್ನು ತಿದ್ದಲಿಲ್ಲ. ಅವಳ ಕಣ್ಣಿನ ಚಿಕಿತ್ಸೆಗೆ ಹಣ ಹೊಂದಿಸಿ ಜೈಲಿಗೆ ಹೋಗುತ್ತಾನೆ. ಅವಳಿಗೆ ನೋಟ ಬರುವುದೆಂದರೆ ತನ್ನ ಸುಳ್ಳು ಬಯಲಾಗುವುದು ಎಂದು ಅವನಿಗೆ ತಿಳಿದಿದೆ. ತಿಳಿದೂ ಹಣ ಕೊಡುತ್ತಾನೆ. ಕೊನೆಯಲ್ಲಿ ಅವಳು ಚಿಂದಿ ಬಟ್ಟೆಯ ಮನುಷ್ಯನಿಗೆ ಕನಿಕರದಿಂದ ಹೂವು, ನಾಣ್ಯ ಕೊಡುವಾಗ ಕೈ ತಾಗಿ ಗುರುತು ಹತ್ತುತ್ತದೆ. ಮುಂದೇನು ಎಂದು ಚಾಪ್ಲಿನ್ ಹೇಳುವುದಿಲ್ಲ. ಅವಳು ಅವನನ್ನು ನೋಡುತ್ತಾಳೆ, ಇನ್ನು ಮೇಲಿನದು ಅವಳಿಗೆ ಬಿಟ್ಟದ್ದು. ಶೀರ್ಷಿಕೆಯ ಜೊತೆಗೆ ಚಾಪ್ಲಿನ್ ತನ್ನ ಚಿತ್ರವನ್ನು ಹಾಸ್ಯ ಪ್ರಣಯ ಎಂದೇ ಕರೆದುಕೊಂಡಿದ್ದ.

ಹೋದ ವರ್ಷ ಹಾಸ್ಟೆಲಿನ ಹಳೆಯ ಗೆಳೆಯರೆಲ್ಲ ಒಂದು ಕಡೆ ಸೇರಿದ್ದೆವು. ಊಟವಾದ ಮೇಲೆ, ಎಂದಿನಂತೆ, ಒಬ್ಬ 'ಗುಮಾಸ್ತ'ನ ಕಥೆ ತೆಗೆದ. ನಕಲು ಮಾಡುವಾಗ ಅವನು ಮಾಡುತ್ತಿದ್ದ ಕಾಗುಣಿತದ ತಪ್ಪುಗಳು, ನನ್ನ ಗಂಭೀರ ಮುಖ, ಎಲ್ಲ ಬಂತು. ಎಲ್ಲರೂ ನಕ್ಕರು. ಮೂವತ್ತು ವರ್ಷದಿಂದ ಆ ನಗುವಿಗೆ ನಾನೂ ಸೇರುತ್ತ ಬಂದಿದ್ದೆ. ಮೆಟ್ಟಿಲ ಹತ್ತಿರ ನಡೆದದ್ದು ಆ ಕಥೆಯಲ್ಲಿ ಇರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಹೇಳಿದೆ. ಕೂತವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನನ್ನ ರೂಮ್‌ಮೇಟ್ ತಲೆ ತಗ್ಗಿಸಿ, "ನಂಗೂ ಹೇಳ್ಲಿಲ್ವಲ್ಲೋ" ಎಂದ. ಆಗ ಹೊಳೆಯಿತು, ಅವನಿಂದಲೂ ನಾನು ಅಷ್ಟು ವರ್ಷ ಒಂದನ್ನು ಬಚ್ಚಿಟ್ಟಿದ್ದೆ. ಅವಳು ಯಾಕೆ ಮಾತು ಬಿಟ್ಟಳು, ಕಾಗದಗಳನ್ನು ಯಾಕೆ ಕೇಳಿದಳು ಎಂಬುದು ಅವನಿಗೆ ಕೊನೆಯವರೆಗೂ ತಿಳಿದಿರಲಿಲ್ಲ.

ಮೂರು ವಾರ ಕಳೆದು ಆ ಹುಡುಗಿಗೆ ಪಟ್ಟಿ ಕೊಟ್ಟೆ. ದಿ ಶಾಪ್ ಅರೌಂಡ್ ದಿ ಕಾರ್ನರ್, ಗಣೇಶನ ಮದುವೆ, ಗ್ರೌಂಡ್‌ಹಾಗ್ ಡೇ, ಸಿಟಿ ಲೈಟ್ಸ್. ಐದನೆಯ ವಾರ ಸಿಕ್ಕರೆ ಯೂ ಹ್ಯಾವ್ ಗಾಟ್ ಮೇಲ್ ಎಂದು ಕೆಳಗೆ ಬರೆದು, ಅದರ ಮುಂದೆ 'ಚರ್ಚೆಗೆ' ಎಂದು ಸೇರಿಸಿದೆ. ಅವಳು ಓದಿ, "ಇದು ನಂಗೆ ತುಂಬಾ ಇಷ್ಟ ಸರ್, ಚರ್ಚೆಗೆ ಅಂದ್ರೆ ಏನು?" ಎಂದಳು.

"ಎರಡು ಸಲ ನೋಡಬೇಕು. ಮೊದಲನೇ ಸಲ ಸುಮ್ಮನೆ ನಗಬೇಕು. ಎರಡನೇ ಸಲ, ಗೊತ್ತಿಲ್ಲದವಳ ಪಕ್ಕದಲ್ಲಿ ಕೂತು ನೋಡಬೇಕು" ಎಂದೆ.

"ಆಗಲೂ ನಗು ಬಂದ್ರೆ?"

"ಬಂದ್ರೆ ಒಳ್ಳೇ ಸಿನಿಮಾ" ಎಂದೆ. ಅವಳು ಪಟ್ಟಿ ಮಡಿಸಿ ಪುಸ್ತಕದೊಳಗಿಟ್ಟುಕೊಂಡು ಹೋದಳು.